ಭೀಮಸಿ ತೆಗೆಸದ ಟಿಕೆಟ್ಟು

ಅಥಣಿ ಸೀಮೆಯ ಸತ್ತಿ ಎಂಬ ಊರಿನ ಭೀಮಸಿಗೆ ದೇವರು ಕೊಡುವಾಗ ಕೈ ಬಿಗಿ ಹಿಡಿದಿರಲಿಲ್ಲ. ಕೃಷ್ಣೆಯ ದಂಡೆಗೆ ಒಂದು ಪಟ್ಟಿ ಹೊಲ, ಒಂದು ಹಿಂಡು ಕುರಿ, ಗಟ್ಟಿ ಮೊಣಕಾಲಿನ ತಾಯಿ ಮಲಕವ್ವ, ಅದಕ್ಕಿಂತ ಗಟ್ಟಿ ಬುದ್ಧಿಯ ಹೆಂಡತಿ ಭಾಗ್ಯಾ, ಎಲ್ಲವನ್ನೂ ಕೊಟ್ಟಿದ್ದ. ಕೊಡಲು ಮರೆತದ್ದು ಒಂದೇ: ಯಾವ ಮಾತಿಗೆ ಹೂಂ ಅನ್ನಬೇಕು, ಯಾವ ಮಾತಿಗೆ ಉಹೂಂ ಅನ್ನಬೇಕು ಎಂದು ತೀರ್ಮಾನಿಸುವ ಶಕ್ತಿ. ಟಗರು ಮಾರಲು ಸಂತೆಗೆ ಹೋದರೆ, ಕೊಡಲೋ ಬೇಡವೋ ಎಂದು ಅವನು ಯೋಚಿಸುವಷ್ಟರಲ್ಲಿ ಸಂತೆ ಮುಗಿದು ಟಗರು ಅವನ ಹಿಂದೆಯೇ ಮನೆಗೆ ಬರುತ್ತಿತ್ತು. ಹೀಗೆ ಹೋಗಿ ಬಂದು ಆ ಟಗರಿಗೆ ಸಂತೆಯ ದಾರಿ ಭೀಮಸಿಗಿಂತ ಚೆನ್ನಾಗಿ ಗೊತ್ತಾಗಿತ್ತು. ಮನೆಗೆ ಹಸಿರು ಬಣ್ಣವೋ ನೀಲಿಯೋ ಎಂಬ ಪ್ರಶ್ನೆ ಎದ್ದ ವರ್ಷ, ಬಣ್ಣ ಬಳಿಯುವವನು ಕಾದು ಕಾದು ಬೇಸತ್ತು, ಅರ್ಧ ಗೋಡೆಗೆ ಅದನ್ನು, ಅರ್ಧ ಗೋಡೆಗೆ ಇದನ್ನು ಬಳಿದು ಹೋಗಿದ್ದ. ಇಂಥವರು ಊರಿಗೆ ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಜನ ಎಲ್ಲ ಕೆಲಸವನ್ನೂ ಲಗುಬಗೆಯಿಂದ ಮುಗಿಸಿ, ಮುಂದೆ ಮಾತನಾಡಲು ವಿಷಯವಿಲ್ಲದೆ ಕೂತುಬಿಡುತ್ತಾರೆ.

ಇಂಥ ಭೀಮಸಿಗೆ ಒಬ್ಬ ಷಡ್ಡಕನಿದ್ದ. ಭಾಗ್ಯಾಳ ಅಕ್ಕ ನೀಲಮಳ ಗಂಡ, ಹಾರೂಗೇರಿಯ ಬೀರದೇವ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಅವನಿಗೆ ನೌಕರಿ. ಒಂದು ಸಲ ಕಾರ್ಮಿಕರ ಸಂಘದವರು ದಿಲ್ಲಿಗೆ ಹೋಗುವಾಗ ಬೀರದೇವನನ್ನೂ ವಿಮಾನದಲ್ಲಿ ಕರೆದುಕೊಂಡು ಹೋಗಿದ್ದರು. ಹೋದದ್ದು ಒಂದೇ ಸಲ. ಆದರೆ ಆ ವಿಮಾನ ಬೀರದೇವನ ಬಾಯಿಂದ ಇನ್ನೂ ಇಳಿದಿರಲಿಲ್ಲ. ಕೂಸಿನ ತೊಟ್ಟಿಲ ಕಾರ್ಯವಿರಲಿ, ಯಾರದೋ ತಿಥಿಯಿರಲಿ, ಊಟದ ಎಲೆ ಬೀಳುವಷ್ಟರಲ್ಲಿ ಅವನು ಮೇಲಕ್ಕೆ ಏರಿಬಿಡುತ್ತಿದ್ದ.

"ಮ್ಯಾಲಿಂದ ನೋಡಿದ್ರ ಮೋಡ ಹೆಂಗ ಕಾಣತಾವ ಗೊತ್ತೈತೇನ ಭೀಮಸಿ? ಥೇಟ ನಿನ್ನ ಕುರಿ ಹಿಂಡ ಕಂಡಂಗ!"

ಎಲ್ಲರೂ ನಗುತ್ತಿದ್ದರು. ಭೀಮಸಿಯೂ ನಗುತ್ತಿದ್ದ. ಆದರೆ ತನ್ನ ಕುರಿಗಳು ಷಡ್ಡಕನ ಕಾಲ ಕೆಳಗೆ ಮೇಯುತ್ತಿವೆ ಎಂಬ ಚಿತ್ರ ಅವನ ಗಂಟಲಲ್ಲಿ ಹೋಳಿಗೆಯ ತುಣುಕಿನಂತೆ ಸಿಕ್ಕಿಕೊಳ್ಳುತ್ತಿತ್ತು.

ಕರೋನಾ ಬಂದು ಜಗತ್ತು ಬಾಗಿಲು ಹಾಕಿಕೊಂಡ ವರ್ಷ, ಜೂನಿನಲ್ಲಿ ಮಿರಗದ ಮಳೆ ಹಿಡಿದ ಒಂದು ದಿನ, ಬೀರದೇವ ವಿಡಿಯೋ ಕಾಲ್ ಮಾಡಿದ. ಈ ಕಡೆ ಭೀಮಸಿ, ಭಾಗ್ಯಾ, ಮಲಕವ್ವ. ಆ ಕಡೆ ಬೀರದೇವನ ಮೂಗು, ಅದರ ಹಿಂದೆ ಎಲ್ಲೋ ನೀಲಮ.

"ವಿಮಾನ ಮತ್ತ ಚಾಲೂ ಆಗ್ಯಾವ ನೋಡೋ," ಎಂದ ಬೀರದೇವ. "ಹತ್ತಾವ್ರ ಇಲ್ಲ ಅಂತ ಮುಂದಿನ ವರ್ಷದ ಟಿಕೆಟ್ ಈಗ ಭಾಳ ಸೋವಿ ಬಿಟ್ಟಾರ. ಆದ್ರ ಯಾರ ತಗೀತಾರ ಹೇಳ? ಇಂಥಾ ದಿನದಾಗ ಮುಂದಿನ ವರ್ಷದ್ದು ತಗಿಬೇಕಂದ್ರ ಗುಂಡಿಗಿ ಬೇಕ. ನಿನ್ನಂಥಾವನ ಕೆಲಸಲ್ಲ ಬಿಡ."

ಹುಟ್ಟಿದಾಗಿನಿಂದ ಯಾವ ಮಾತಿಗೂ ಕೂಡಲೇ ಉತ್ತರ ಕೊಡದ ಭೀಮಸಿ, ಅವತ್ತು ಅದು ಹೇಗೋ ಕೊಟ್ಟುಬಿಟ್ಟ.

"ನಾ ಆಗ್ಲೇ ತಗಸೀನಿ."

ಫೋನಿನೊಳಗಿನ ಮೂಗು ಹಿಂದಕ್ಕೆ ಸರಿಯಿತು. "ಏನಂದಿ? ಎಲ್ಲಿಗಿ?"

ಭೀಮಸಿಯ ಕಣ್ಣೆದುರು ಗೋಡೆಯ ಮೇಲೆ ಕ್ಯಾಲೆಂಡರಿತ್ತು. ಅದರಲ್ಲಿ ತಿಮ್ಮಪ್ಪನಿದ್ದ. "ತಿರುಪತಿಗಿ," ಎಂದ.

"ಯಾವಾಗ?"

ಕ್ಯಾಲೆಂಡರು ಒಂದೇ ವರ್ಷದ್ದು. ಮುಂದಿನದನ್ನು ಊಹೆಯಿಂದಲೇ ಹೇಳಬೇಕಾಯಿತು. "ಮುಂದಿನ ಯುಗಾದಿಗಿ. ಅವ್ವ, ಭಾಗ್ಯಾ, ನಾನು."

ಫೋನು ಕಟ್ಟಾಯಿತು. ರೇಂಜು ಹೋಯಿತೋ ಬೀರದೇವನ ಉಸಿರು ಹೋಯಿತೋ ತಿಳಿಯಲಿಲ್ಲ. ಭೀಮಸಿ ಹೆಂಡತಿಯ ಕಡೆ ತಿರುಗಿ, ಅದು ಸುಮ್ಮನೆ ಅಂದದ್ದು ಎಂದು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಮಲಕವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಮೆತ್ತಗೆ ಹೇಳಿದಳು:

"ಚಲೋ ಮಾಡಿದಿ ತಮ್ಮಾ. ಕುರಿ ಹಿಂದ ತಿರಗಿ ತಿರಗಿ, ಮಳಿ ಕೊಡು ಮಳಿ ಕೊಡು ಅಂತ ಜನ್ಮ ಎಲ್ಲಾ ಮೋಡದ ಹೊಟ್ಟೀನ ನೋಡೇನಿ. ಒಮ್ಮಿ ಅದರ ಬೆನ್ನ ನೋಡಿ ಸಾಯಬೇಕು."

ಅವತ್ತಿನ ಊಟದಲ್ಲಿ ಭಾಗ್ಯಾ ಬಡಿಸಿದ ರೊಟ್ಟಿಯ ಮೇಲಿನ ಬೆಣ್ಣೆಯ ಉಂಡೆ ದಿನದಕ್ಕಿಂತ ದೊಡ್ಡದಿತ್ತು. ಅಂಥ ಬೆಣ್ಣೆ ತಿಂದ ಮೇಲೆ ಸತ್ಯ ಹೇಳುವುದು ಯಾವ ಗಂಡಸಿಗೂ ಸಾಧ್ಯವಿಲ್ಲ.

ಉಳಿದದ್ದು ಒಂದೇ ದಾರಿ. ಹೇಳಿದ ಸುಳ್ಳನ್ನು ನಿಜ ಮಾಡುವುದು, ಅಂದರೆ ಟಿಕೆಟ್ಟು ತೆಗೆಸಿಬಿಡುವುದು. ಟಗರು ಮಾರಲು ಆಗದವನಿಗೆ ಅದು ಎಂಥ ಕೆಲಸವೆಂದು ನೀವೇ ಯೋಚಿಸಿ. ಭೀಮಸಿ ಮೊದಲು ಅಣ್ಣಾಸಾಬನ ಚಾದಂಗಡಿಗೆ ಹೋದ. ಅಂಗಡಿಯ ಶಟರು ಅರ್ಧ ಇಳಿದಿತ್ತು, ಚಾ ಮಾತ್ರ ಪೂರ್ತಿ ನಡೆದಿತ್ತು.

"ಒಂದ ಮಾತ ಕೇಳ್ತೀನಿ ಅಣ್ಣಾಸಾಬ. ಯಾರರ ಮುಂದಿನ ಯುಗಾದಿಗೆ ವಿಮಾನದ ಟಿಕೆಟ್ ತಗಸೂದಿದ್ರ, ತಗಸಬೇಕೋ ಬ್ಯಾಡೋ?"

"ಹುಚ್ಚೇನ?" ಎಂದ ಅಣ್ಣಾಸಾಬ. "ಮುಂದಿನ ಯುಗಾದಿಗೆ ನಾವ ಇರತೀವೋ ಇಲ್ಲೋ ಗೊತ್ತಿಲ್ಲ. ಟಿಕೆಟ್ ತಗೊಂಡ ಯಾರಿಗಿ ತೋರಸಾಂವ?"

"ಖರೆ," ಎಂದ ಭೀಮಸಿ.

ಮೂಲೆಯಲ್ಲಿ ಬಸಿಯಲ್ಲಿ ಚಾ ಸುರಿದುಕೊಂಡು ಕುಡಿಯುತ್ತಿದ್ದ ಒಬ್ಬ ಮುದುಕ ತಲೆಯೆತ್ತಿದ. "ಅದಕ್ಕ ತಗಸಬೇಕಪಾ. ಒಮ್ಮಿ ಟಿಕೆಟ್ ಕೈಯಾಗ ಬಂತಂದ್ರ ಅಲ್ಲೀ ತನಕ ಬದಕಾಕ ಒಂದ ಕಾರಣ ಆತು. ಕರೋನಾ ಬಂದ್ರ, ಇಲ್ಲಪಾ ನಂದ ಯುಗಾದಿಗಿ ರಿಸರ್ವೇಶನ್ ಐತಿ ಅನ್ನಬಹುದು."

"ಅದೂ ಖರೆ," ಎಂದ ಭೀಮಸಿ. ಎರಡೂ ಖರೆಗಳನ್ನು ಹೊತ್ತುಕೊಂಡು ಮರುದಿನ ಅಥಣಿಗೆ ಹೋದ.

ಅಥಣಿಯಲ್ಲಿ ಪ್ರಾಜಕ್ತಾ ಎಂಬಾಕೆಯ ಆನ್‌ಲೈನ್ ಅಂಗಡಿಯಿತ್ತು. ಪಹಣಿ, ಪರೀಕ್ಷೆಯ ಫಲಿತಾಂಶ, ರೇಲ್ವೆ ಟಿಕೆಟ್ಟು ಎಲ್ಲವೂ ಅಲ್ಲಿ ಒಂದೇ ಕಿಂಡಿಯಿಂದ ಹೊರಬರುತ್ತಿದ್ದವು. ಈಗ ಕಿಂಡಿಗೆ ಪ್ಲಾಸ್ಟಿಕ್ಕಿನ ಪರದೆ ಕಟ್ಟಿದ್ದರಿಂದ ಒಳಗಿನವರ ಮಾತು ಬಾವಿಯಿಂದ ಬಂದಂತೆ ಕೇಳುತ್ತಿತ್ತು.

"ತಾರೀಖ ಬದಲ ಮಾಡೂ ಸವಲತ್ತ ಹಾಕ್ಲೇನ್ರಿ ಕಾಕಾ?" ಎಂದು ಕೇಳಿದಳು ಪ್ರಾಜಕ್ತಾ. "ರೋಗ ಹೆಚ್ಚಾತು ಅಂದ್ರ ಮುಂದಕ ಹಾಕಬಹುದು."

"ಎಷ್ಟ ಮುಂದ?"

"ಒಂದ ವರ್ಷದ ತನಾರಿ."

"ಆ ವರ್ಷನೂ ರೋಗ ಇದ್ರ?"

ಪ್ರಾಜಕ್ತಾ ಕಂಪ್ಯೂಟರಿನ ಕಡೆ ತಿರುಗಿ, "ಕಿಟಕಿ ಬಾಜು ಬೇಕ್ರ್ಯೋ, ನಡಬರಕೋ?" ಎಂದಳು.

"ಕಿಟಕೀನ ಬೇಕ. ತಗದ ಇಟ್ಕೊಂಡ ಕುಂದ್ರತೀವಿ. ಗಾಳಿ ಆಡಿದ್ರ ಕರೋನಾ ಬರಂಗಿಲ್ಲ ಅಂತಾರಲ್ಲ."

"ವಿಮಾನದ ಕಿಟಕಿ ತಗಿಯಾಕ ಬರಂಗಿಲ್ರಿ."

ಇದು ಭೀಮಸಿಗೆ ಹೊಸ ವಿಷಯ. ವಿಚಾರ ಮಾಡಿ ಬರುತ್ತೇನೆಂದು ಎದ್ದು ಬಂದ. ಮರುದಿನ ಮತ್ತೆ ಹೋಗಿ, ಮಾಸ್ಕು ಹಾಕಿಕೊಂಡವರಿಗೆ ವಿಮಾನದಲ್ಲಿ ಊಟ ಹೇಗೆ ಕೊಡುತ್ತಾರೆ ಎಂದು ಕೇಳಿ ಬಂದ. ಅದರ ಮರುದಿನ, ಮೇಲೆ ಹೋದ ಮೇಲೆ ಸರ್ಕಾರ ಲಾಕ್‌ಡೌನ್ ಹೇಳಿದರೆ ವಿಮಾನ ಅಲ್ಲೇ ನಿಲ್ಲುತ್ತದೋ ಕೆಳಗಿಳಿಯುತ್ತದೋ ಎಂದು ಕೇಳಿ ಬಂದ. ಕೊನೆಗೊಂದು ದಿನ ಪ್ರಾಜಕ್ತಾಳೇ ಹೊರಗೆ ಬಂದು ನೆಲದ ಮೇಲೆ ಸುಣ್ಣದ ದುಂಡನೆಯ ಗೆರೆ ತೋರಿಸಿದಳು. "ಎಲ್ಲಾ ಗಿರಾಕಿಗೂ ಕೂಡಿ ಗೋಲ ಹೊಡದಿದ್ನಿ. ಇದೊಂದ ನಿಮಗ ಬ್ಯಾರೆ ಹೊಡದೀನ್ರಿ ಕಾಕಾ. ಇದರಾಗ ನಿಂತ ವಿಚಾರ ಮಾಡ್ರಿ, ಉಳದಾವ್ರಿಗಿ ತ್ರಾಸ ಆಗೂದ ಬ್ಯಾಡ."

ಅಥಣಿಯಲ್ಲಿ ಹೀಗೆ ಭೀಮಸಿ ಗೋಲದೊಳಗೆ ನಿಂತಿದ್ದಾಗ ಸತ್ತಿಯಲ್ಲಿ ಸುದ್ದಿ ಕಾಲು ಬಿಚ್ಚಿ ಓಡುತ್ತಿತ್ತು. ಅಣ್ಣಾಸಾಬನ ಅಂಗಡಿಯಿಂದ ಹೊರಡುವಾಗ ಅದು "ಭೀಮಸಿ ವಿಮಾನದ ಟಿಕೆಟ್ ತೆಗೆಸುವವನಿದ್ದಾನೆ" ಎಂದೇ ಇತ್ತು. ಹಾಲಿನ ಡೈರಿಗೆ ಮುಟ್ಟಿದಾಗ "ತೆಗೆಸಿದ್ದಾನೆ" ಆಯಿತು. ಹಿಟ್ಟಿನ ಗಿರಣಿಯ ಗದ್ದಲದಲ್ಲಿ ಮಾತಿನ ಬಾಲ ಕೇಳಿಸದೆ "ಹೋಗಿದ್ದಾನೆ" ಆಯಿತು. ಬಟ್ಟೆ ಒಗೆಯುವ ಹೆಂಗಸರ ಜೊತೆ ಹೊಳೆಗೆ ಇಳಿದು ಮೇಲಕ್ಕೆ ಬರುವಾಗ ಅದು ಪೂರ್ತಿ ತೊಯ್ದು ದಪ್ಪಗಾಗಿತ್ತು: "ಭೀಮಸಿ ವಿಮಾನದಾಗ ಹೋಗಿ ಇಳದ ಬಂದಾನಂತ, ಮನ್ಯಾಗ ಅಡಗಿ ಕುಂತಾನಂತ." ದಿನವೂ ಅಥಣಿಯಿಂದ ಯಾರಿಗೂ ಹೇಳದೆ ಬಂದು ಮನೆ ಸೇರುತ್ತಿದ್ದ ಭೀಮಸಿ ಈ ಮಾತಿಗೆ ತಾನೇ ಸಾಕ್ಷಿ ಒದಗಿಸಿದಂತಾಗಿತ್ತು. ಮಳೆಯಲ್ಲಿ ನೆನೆದು ಅವನಿಗೆ ನೆಗಡಿ ಬೇರೆ ಆಗಿತ್ತು.

ಆ ಭಾನುವಾರ ಬೀರದೇವ ತಾನೇ ಮೋಟರ್‌ಸೈಕಲ್ ಹೊಡೆದುಕೊಂಡು ಬಂದ. ಮಾಸ್ಕು ಕೊರಳಲ್ಲಿ ತಾಳಿಯಂತೆ ತೂಗುತ್ತಿತ್ತು. ಕಟ್ಟೆಯ ಮೇಲೆ ಭೀಮಸಿಯ ಬಗಲಿಗೇ ಕೂತು, ಚಾ ಕುಡಿದು, ಕಪ್ಪು ಕೆಳಗಿಟ್ಟು, "ಹೂಂ, ತೋರಸ. ಟಿಕೆಟ್ ನೋಡಬೇಕಂತ ಬಂದೀನಿ," ಎಂದ.

"ಅವಸರ ಏನೈತಿ ಅಣ್ಣಾ, ಊಟ ಮಾಡ," ಎಂದ ಭೀಮಸಿ.

"ಊಟ ಎಲ್ಲಿ ಓಡಿ ಹೊಕ್ಕೈತಿ? ಮೊದಲ ಟಿಕೆಟ್."

ಇಷ್ಟರಲ್ಲಿ ಅಂಗಳಕ್ಕೆ ಆಶಾ ಕಾರ್ಯಕರ್ತೆ ಸುಜಾತಾ ಬಂದು ನಿಂತಳು. ಅವಳ ಹಿಂದೆ ಪಂಚಾಯತಿಯ ಬಿಲ್ ಕಲೆಕ್ಟರು, ಬೆನ್ನಿಗೆ ಕಬ್ಬಿಗೆ ಔಷಧ ಹೊಡೆಯುವ ಪಂಪು ಕಟ್ಟಿಕೊಂಡು. ಅವರ ಹಿಂದೆ, ಆರೋಗ್ಯಕ್ಕೆ ಸುರಕ್ಷಿತವಾದ ದೂರದಲ್ಲಿ, ಅಣ್ಣಾಸಾಬನನ್ನು ಮುಂದಿಟ್ಟುಕೊಂಡು ಅರ್ಧ ಓಣಿ.

"ಕಾಕಾ, ನೀವ ವಿಮಾನದಾಗ ಹೋಗಿ ಬಂದೀರಿ ಅಂತ ನನಗ ಫೋನಿನ ಮ್ಯಾಲ ಫೋನ ಬರಾಕತ್ತಾವ," ಎಂದಳು ಸುಜಾತಾ. "ಖರೆ ಏನೈತಿ ಹೇಳ್ರಿ."

ಭೀಮಸಿಗೆ ಹೋದ ಜೀವ ಬಂದಂತಾಯಿತು. ಕೊನೆಗೂ ನಿಜವನ್ನೇ ಹೇಳಬಹುದಾದ ಒಂದು ಪ್ರಶ್ನೆ! "ಛೇ ಛೇ ಸುಜಾತಾ, ನಾ ಎಲ್ಲೂ ಹೋಗಿಲ್ಲವಾ. ಹೋಗೂದು ಮುಂದಿನ ಯುಗಾದಿಗಿ."

"ಹಂಗಾರ ಭಾಳ ಚಲೋ ಆತು. ಟಿಕೆಟ್ ತೋರಸ್ರಿ. ಮುಂದಿನ ತಾರೀಖ ಇತ್ತಂದ್ರ ನಾ ಸುಮ್ಮನ ಹೊಕ್ಕೀನಿ."

"ತೋರಸ ತೋರಸ," ಎಂದ ಬೀರದೇವ. "ನಾನೂ ಅದಕ್ಕ ಕಾಯಾಕತ್ತೀನಿ."

ಭೀಮಸಿ ಸುಜಾತಾಳನ್ನು ನೋಡಿದ. ಬೀರದೇವನನ್ನು ನೋಡಿದ. ಬಾಗಿಲಲ್ಲಿ ನಿಂತ ಭಾಗ್ಯಾಳನ್ನು ನೋಡುವ ಧೈರ್ಯ ಸಾಲಲಿಲ್ಲ. ಟಿಕೆಟ್ಟಿಲ್ಲ ಎಂದರೆ ಷಡ್ಡಕನ ಮುಂದೆ ಮಾನ ಹೋಗುತ್ತದೆ. ಇದೆ ಎಂದರೆ ತೋರಿಸಬೇಕು. ಇಂಥ ಇಕ್ಕಟ್ಟಿನಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ಭೀಮಸಿ, ಇಳಿಯುವವರ ಟಿಕೆಟ್ಟು ಕಸಿದುಕೊಳ್ಳುವ ಬಸ್ಸಿನ ಕಂಡಕ್ಟರನನ್ನು ನೆನೆಸಿಕೊಂಡ.

"ಟಿಕೆಟ್ ಈಗ ಎಲ್ಲಿಂದ ತರ್ಲಿ?" ಎಂದ. "ಇಳಿಯೂ ಮುಂದ ಕಸ್ಕೊಂಡ್ರಲ್ಲ!"

ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿತು.

"ಇಳಿಯೂ ಮುಂದ?" ಎಂದಳು ಸುಜಾತಾ, ಒಂದು ಹೆಜ್ಜೆ ಹಿಂದೆ ಸರಿದು.

"ಇಳಿಯೂ ಮುಂದ?" ಎಂದ ಬೀರದೇವ, ಕಟ್ಟೆಯಿಂದ ಎದ್ದು ನಿಂತು. "ನೀ ಯಾವಾಗ ಹತ್ತಿದ್ಯೋ ಲೇ?"

ಭೀಮಸಿ ಇದಕ್ಕೆ ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಬಾಯಿ ತೆರೆದ, ಸೀನು ಬಂತು. ಒಂದಲ್ಲ, ಸಾಲಾಗಿ ಮೂರು. ಓಣಿಯ ಜನ ಹುಯ್ಯೆಂದು ಹಿಂದಕ್ಕೆ ಓಡಿದರು. ಬಿಲ್ ಕಲೆಕ್ಟರು ಮಾತ್ರ ಕರ್ತವ್ಯಕ್ಕೆ ಬದ್ಧನಾಗಿ ಮುಂದೆ ನುಗ್ಗಿ ಪಂಪು ಒತ್ತಿದ. ಕಟ್ಟೆಗೆ ಹೊಡೆದ, ಗೋಡೆಯ ಹಸಿರಿಗೆ ಹೊಡೆದ, ನೀಲಿಗೆ ಹೊಡೆದ, ನಡುವೆ ಬಂದ ಟಗರಿಗೂ ಹೊಡೆದ. ಟಗರು ಇಂಥದ್ದನ್ನು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ತಲೆ ತಗ್ಗಿಸಿ ಅವನನ್ನು ಓಣಿಯ ತುದಿಯವರೆಗೆ ಕಳಿಸಿ ಬಂತು.

ಸುಜಾತಾ ಚೀಲದಿಂದ ಸೀಲು ತೆಗೆದಳು. "ಕೈ ಕೊಡ್ರಿ ಕಾಕಾ. ಹೊರಗಿನ ಖೋಲ್ಯಾಗ ಇರಬೇಕು, ಸರ್ಕಾರ ಬಿಡೂ ತನಕ ಹೊರಗ ಬರಬಾರದು. ಅಜ್ಜಿ, ಕಾಕೂ ಬ್ಯಾರೆ ಇರ್ರಿ, ದೂರಿಂದ ಊಟ ಇಡ್ರಿ."

"ಅಕ್ಕಾ, ಇಂವಾ ಸುಳ್ಳ ಹೇಳಾಕತ್ತಾನ್ರಿ!" ಎಂದು ಬೀರದೇವ ಕೂಗಿದ. "ಇಂವಾ ಎಲ್ಲೂ ಹೋಗಿಲ್ಲ! ವಿಮಾನದಾಗ ಹೋಗಾಂವ ಇಂವಾ ಅಲ್ರಿ, ನಾನು!"

ಸುಜಾತಾ ಅವನ ಕಡೆ ತಿರುಗಿದಳು. "ನೀವೂ ವಿಮಾನದಾಗ ಬಂದ್ರ್ಯಾ?"

"ಅಂದ್ರ, ಈಗಲ್ರಿ, ಹಿಂದ..."

"ಇವ್ರ ಬಾಜುಕ ಕುಂತ ಚಾ ಕುಡದ್ರಿ?"

"ಕುಡದೆ."

"ಮಾಸ್ಕ ಎಲ್ಲಿತ್ತು?"

ಬೀರದೇವ ಕೊರಳು ಮುಟ್ಟಿಕೊಂಡ.

"ನೀವೂ ಕೈ ಕೊಡ್ರಿ," ಎಂದಳು ಸುಜಾತಾ.

ಹೀಗೆ, ಒಬ್ಬ ಹೋಗದೇ ಇದ್ದ ಪ್ರಯಾಣಕ್ಕಾಗಿ, ಇನ್ನೊಬ್ಬ ಯಾವತ್ತೋ ಹೋಗಿದ್ದ ಪ್ರಯಾಣಕ್ಕಾಗಿ, ಷಡ್ಡಕರಿಬ್ಬರೂ ಉಳ್ಳಾಗಡ್ಡಿಯ ರಾಶಿ ಹಾಕಿದ್ದ ಹೊರಗಿನ ಖೋಲಿಯನ್ನು ಸೇರಿದರು. ಬಾಗಿಲಿಗೆ ಚೀಟಿ ಬಿತ್ತು. ಕಾರ್ಖಾನೆಗೆ ಫೋನು ಹೋಯಿತು. ಕಾಟಾದ ಮೇಲೆ ಬೇರೆಯವರನ್ನು ಕೂಡಿಸುತ್ತೇವೆ, ನೀವು ಬರಲೇಬೇಡಿ ಎಂದು ಅವರು ಬಹಳ ಪ್ರೀತಿಯಿಂದ ಹೇಳಿದರು.

ಮೊದಲ ದಿನ ಬೀರದೇವ ಗೋಡೆಗೆ ಮುಖ ಮಾಡಿ ಮಲಗಿದ. ಎರಡನೆಯ ದಿನ ಕಿಟಕಿಯ ಹೊರಗೆ, ಬೇವಿನ ಗಿಡದ ಆಚೆ, ಅಣ್ಣಾಸಾಬ ಬಂದು ನಿಂತ. ಜೊತೆಗೆ ಚಾದಂಗಡಿಯ ಗಿರಾಕಿಗಳೆಲ್ಲ. ಅಂಗಡಿಯನ್ನೇ ಎತ್ತಿಕೊಂಡು ಬಂದಂತಿತ್ತು.

"ಭೀಮಸೀ! ಮ್ಯಾಲ ಹೆಂಗಿತ್ತೋ?"

ಭೀಮಸಿ ಹಿಂದೆ ತಿರುಗಿ ನೋಡಿದ. ಬೀರದೇವ ನಿದ್ದೆ ಹೋದವನಂತೆ ಕಂಡ. ಕಿಟಕಿಯ ಸರಳು ಹಿಡಿದು ಅಳುಕುತ್ತಲೇ ಶುರು ಮಾಡಿದ. "ಏನ ಹೇಳ್ಲಪಾ. ಮೊದಲ ಓಡತೈತಿ, ಓಡತೈತಿ, ಆಮ್ಯಾಲ ಹೊಟ್ಟ್ಯಾಗ ಒಮ್ಮಿ ಖಾಲಿ ಆದಂಗ ಆಗತೈತಿ. ಕಿವಿ ಮುಚ್ಚತಾವ. ಒಬ್ಬಾಕಿ ಬಂದ ಪೆಪ್ಪರಮೆಂಟ ಕೊಡ್ತಾಳ. ಆಮ್ಯಾಲ ತಳಗ ನೋಡಿದ್ರ ಮೋಡ ಅಂಬೋವು..." ಇಲ್ಲಿ ಅವನ ದನಿಗೆ ಬಲ ಬಂತು. "ಥೇಟ ನನ್ನ ಕುರಿ ಹಿಂಡ ಕಂಡಂಗ!"

ಬೇವಿನ ಗಿಡದ ಆಚೆ ಜನ ಆಹಾ ಎಂದರು. ಎಷ್ಟು ವರ್ಷ ಕೇಳಿ ಕೇಳಿ ಭೀಮಸಿಗೆ ಆ ಪ್ರಯಾಣ ಬಾಯಿಪಾಠವಾಗಿತ್ತು. ಒಂದು ಪೆಪ್ಪರಮೆಂಟೂ ಆಚೀಚೆ ಆಗಲಿಲ್ಲ. ಅವತ್ತು ಸಂಜೆ ಇನ್ನೊಂದು ಗುಂಪು ಬಂತು, ಮತ್ತೆ ಹೇಳಿದ. ಮರುದಿನ ಹೆಣ್ಣುಮಕ್ಕಳ ಸಂಘದವರು ಬಂದರು, ಮತ್ತೆ ಹೇಳಿದ. ನಾಲ್ಕನೆಯ ಸಲ ಓಡತೈತಿ ಓಡತೈತಿ ಎನ್ನುವಾಗ ಬೀರದೇವ ಧಡಕ್ಕನೆ ಎದ್ದು ಕೂತ.

"ಸಾಕ ಮಾಡೋ ಮಾರಾಯಾ! ಒಂದ ಕತಿ ಎಷ್ಟ ಸರ್ತಿ ಹೇಳ್ತಿ? ಕೇಳಾವ್ರಿಗಿ ಬ್ಯಾಸರ ಆಗತೈತಿ ಅನ್ನೂದರ ಖಬರ ಐತೇನ ನಿನಗ?"

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೋ ಏನೋ, ಬೀರದೇವ ರಾಶಿಯಿಂದ ಒಂದು ಉಳ್ಳಾಗಡ್ಡಿ ಎತ್ತಿಕೊಂಡು ಸಿಪ್ಪೆ ಬಿಡಿಸತೊಡಗಿದ. ಭೀಮಸಿಗೆ ಅಯ್ಯೋ ಅನ್ನಿಸಿತು. ಅವನ ಎದುರಿಗೆ ಹೋಗಿ ಕೂತ.

"ಅಣ್ಣಾ, ನಾ ಹೋಗಿಲ್ಲ. ಟಿಕೆಟ್‌ನೂ ತಗಸಿಲ್ಲ. ತಗಸಬೇಕೋ ಬ್ಯಾಡೋ ಅನ್ನೂದ ಇನ್ನೂ ನಿಕ್ಕಿ ಆಗಿಲ್ಲ."

"ಅದ ಗೊತ್ತೈತಿ ಬಿಡೋ. ನಿನಗ ಯಾವಾಗ ಏನ ನಿಕ್ಕಿ ಆಗೈತಿ?" ಬೀರದೇವ ನಿಟ್ಟುಸಿರುಬಿಟ್ಟ. "ನಂದೂ ಒಂದ ಐತಿ, ಕೇಳ. ನಾ ವಿಮಾನದಾಗ ಹೋಗಿದ್ದ ಖರೆ. ಆದ್ರ ನನಗ ಸಿಕ್ಕಿದ್ದ ನಡಬರಕಿನ ಸೀಟು. ಕಿಟಕಿ ಬಾಜುಕ ಒಬ್ಬಾಂವ ದಪ್ಪನಾಂವ ಕುಂತಿದ್ದ. ದಿಲ್ಲಿ ತನಾ ನಾ ನೋಡಿದ್ದ ಅವನ ಕಿವಿ. ಮೋಡ ಹೆಂಗ ಅದಾವ ಅಂತ ಅವನ್ನ ಕೇಳಿದ್ನಿ. ಕುರಿ ಕಂಡಂಗ ಅದಾವ ಅಂದ. ಅಷ್ಟ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಅಂಗಳದಲ್ಲಿ ತಾಟು ಇಡಲು ಬಂದಿದ್ದ ಭಾಗ್ಯಾ ಎಲ್ಲವನ್ನೂ ಕೇಳಿಸಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡು ಹೋದದ್ದು ಅವರಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ಆ ಖೋಲಿಯಲ್ಲಿ ಅವರ ದಿನಗಳು ಬಹಳ ಸುಖವಾಗಿ ಕಳೆದವು. ನೆಲದ ಮೇಲೆ ಇದ್ದಿಲಿನಿಂದ ಚೌಕ ಬರೆದು ಹುಣಸೆ ಬೀಜದಿಂದ ಪಗಡೆ ಆಡುತ್ತಿದ್ದರು. ಆಟದ ನಡುವೆ, ಮುಂದಿನ ವರ್ಷಕ್ಕೆ ಟಿಕೆಟ್ಟು ತೆಗೆಸುವುದು ಸರಿಯೋ ತಪ್ಪೋ ಎಂದು ಆಳವಾಗಿ ಚರ್ಚಿಸುತ್ತಿದ್ದರು. ತೆಗೆಸಿದರೆ ರೋಗ ಹೆಚ್ಚಾದೀತು, ತೆಗೆಸದಿದ್ದರೆ ದರ ಹೆಚ್ಚಾದೀತು. ಕರೋನಾಕ್ಕೆ ಲಸಿಕೆಯ ಸೂಜಿ ಬಂದ ಮೇಲೆ ತೆಗೆಸೋಣವೆಂದರೆ ಸೂಜಿ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ಬೀರದೇವ ಹೌದೆಂದಾಗ ಭೀಮಸಿ ಅಲ್ಲವೆನ್ನುತ್ತಿದ್ದ. ಬೀರದೇವ ಒಪ್ಪಿ ಅಲ್ಲವೆಂದರೆ, ಹಾಗಲ್ಲ, ಹೌದು ಅನ್ನಿಸುತ್ತದೆ ಎನ್ನುತ್ತಿದ್ದ. ಇಷ್ಟು ಒಳ್ಳೆಯ ಜೊತೆ ಭೀಮಸಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಹೊರಗೆ ಬೇರೆಯೇ ನಡೆದಿತ್ತು. ಗಂಡನ ಬಟ್ಟೆಬರೆ ಕೊಡಲೆಂದು ಹಾರೂಗೇರಿಯಿಂದ ನೀಲಮ ಬಂದಳು. ಕುರಿ ಮೇಯಿಸಿ ಬಂದ ಮಲಕವ್ವ, ಬೆಳ್ಳುಳ್ಳಿ ಸುಲಿಯುತ್ತ ಕೂತ ಭಾಗ್ಯಾ, ನಡುವೆ ಅಂತರ ಬಿಟ್ಟು ನೀಲಮ, ಮೂವರೂ ಕಟ್ಟೆಯ ಮೇಲೆ ಸೇರಿದರು.

"ಟಿಕೆಟ್ ಇಲ್ಲಂತ," ಎಂದಳು ಭಾಗ್ಯಾ.

"ಗೊತ್ತಿತ್ತ ನನಗ," ಎಂದಳು ಮಲಕವ್ವ. "ನನ್ನ ಮಗ ಒಮ್ಮಿಗೇ ಹೂಂ ಅಂದಾನಂದ್ರ ಅದ ಖರೆ ಇರಾಕ ಸಾಧ್ಯನ ಇಲ್ಲ. ಆದ್ರೂ ಮನಸಿನಾಗ ಹೋಗಿ ಬಂದ್ನೆವಾ."

ಭಾಗ್ಯಾ ಅತ್ತೆಯ ಮುಖ ನೋಡಿದಳು. ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು. "ಅತ್ತಿ, ಮನಸಿನಾಗ ಯಾಕ? ನಾವ ಹೋಗೂನು. ಅಕ್ಕಾ, ನೀನೂ ಬಾ."

"ನಡಿ," ಎಂದಳು ನೀಲಮ. "ವಿಮಾನದ ಕತಿ ಕೇಳಿ ಕೇಳಿ ನನಗೂ ಸಾಕಾಗೈತಿ. ಒಮ್ಮಿ ನಾನ ನೋಡಿ ಬರ್ತೀನಿ."

ತೀರ್ಮಾನ ಮುಗಿಯಿತು. ಬೆಳ್ಳುಳ್ಳಿ ಇನ್ನೂ ಅರ್ಧ ಉಳಿದಿತ್ತು.

ಮರುದಿನವೇ ಭಾಗ್ಯಾ ಹಾಲಿನ ದುಡ್ಡು ಕಟ್ಟಿಕೊಂಡು ಅಥಣಿಗೆ ಹೋಗಿ ಪ್ರಾಜಕ್ತಾಳ ಕಿಂಡಿಯ ಮುಂದೆ ನಿಂತಳು. ಸತ್ತಿಯವರು ಎಂದು ತಿಳಿದ ಕೂಡಲೇ ಪ್ರಾಜಕ್ತಾ, "ನೀವ ಆ ಕಾಕಾನ ಮನ್ಯಾವ್ರೇನ್ರಿ? ಹಂಗಾರ ಆ ಗೋಲದಾಗ ನಿಂತ ವಿಚಾರ ಮಾಡ್ರಿ," ಎಂದಳು.

"ವಿಚಾರ ಮಾಡೂದ ಮುಗದೈತ್ರಿ," ಎಂದಳು ಭಾಗ್ಯಾ. "ಮೂರು ಸೀಟು. ತಾರೀಖ ಮುಂದಕ ಹಾಕೂ ಸವಲತ್ತ ಇರ್ಲಿ. ಮುದಕೀದ ಕಿಟಕಿ ಬಾಜುಕ."

ಸರ್ಕಾರ ಬಿಟ್ಟ ದಿನ ಷಡ್ಡಕರಿಬ್ಬರೂ ಖೋಲಿಯಿಂದ ಹೊರಗೆ ಬಂದಾಗ ಭಾಗ್ಯಾ ಟಿಕೆಟ್ಟನ್ನು ಗಂಡನ ಕೈಗೆ ಕೊಟ್ಟಳು. ಭೀಮಸಿ ತಿರುಗಿಸಿ ಮುರುಗಿಸಿ ನೋಡಿದ. ಭೀಮಸಿ ಎಂಬ ಹೆಸರು ಎಲ್ಲೂ ಇರಲಿಲ್ಲ.

"ನನ್ನ ಹೆಸರ ಇಲ್ಲಲ್ಲ?"

"ನೀವ ಇನ್ನೂ ವಿಚಾರ ಮಾಡಾಕತ್ತೀರಿ," ಎಂದಳು ಭಾಗ್ಯಾ. "ಅದಕ್ಕ ನಿಮ್ಮನ್ನ ಬಿಟ್ಟೀನಿ. ಕುರಿ ಕಾಯಾಕ ಯಾರರ ಬೇಕಲ್ಲ."

ಭೀಮಸಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿಂದ ಯಾರೋ ಒಂದು ಚೀಲ ಗೊಬ್ಬರ ಇಳಿಸಿದಂತಾಯಿತು. ಇನ್ನು ಏನನ್ನೂ ತೀರ್ಮಾನಿಸಬೇಕಾಗಿರಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ರೋಗ ಮತ್ತೆ ತಲೆಯೆತ್ತಿತು. ಅದು ನಗುವ ಕಾಲವಾಗಿರಲಿಲ್ಲ. ಊರೂರಲ್ಲಿ ಜನ ಹೋದರು, ಚಾದಂಗಡಿಯ ಮುದುಕನೂ ಹೋದ. ಭಾಗ್ಯಾ ಪ್ರಾಜಕ್ತಾಳಿಗೆ ಫೋನು ಮಾಡಿ ತಾರೀಖು ಮುಂದಕ್ಕೆ ಹಾಕಿಸಿದಳು. ಸುಜಾತಾ ಮನೆಮನೆಗೆ ತಿರುಗಿ ಎಲ್ಲರಿಗೂ ಸೂಜಿ ಹಾಕಿಸಿದಳು. ಭೀಮಸಿ ಎಡತೋಳೋ ಬಲತೋಳೋ ಎಂದು ಯೋಚಿಸುತ್ತಿರುವಾಗ ನರ್ಸಮ್ಮ ಎಡತೋಳಿಗೇ ಚುಚ್ಚಿದಳು. ಮಳೆಗಾಲ ಕಳೆದು, ಜೋಳ ಬಿತ್ತುವ ಹೊತ್ತಿಗೆ ಜಗತ್ತು ಮೆಲ್ಲಗೆ ಬಾಗಿಲು ತೆರೆಯಿತು. ಮೂವರು ಹೆಂಗಸರೂ ಹೊಸ ಸೀರೆಯುಟ್ಟು, ಬುತ್ತಿ ಕಟ್ಟಿಕೊಂಡು ಬೆಳಗಾವಿಗೆ ಹೊರಟರು. ಕಳಿಸಲು ಷಡ್ಡಕರಿಬ್ಬರೂ ಹೋದರು. ಕುರಿಗಳನ್ನು ಅಣ್ಣಾಸಾಬ ನೋಡಿಕೊಳ್ಳುತ್ತೇನೆಂದಿದ್ದ.

ಸಾಂಬ್ರಾದ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಂದೂಕು ಹಿಡಿದ ಪೊಲೀಸನು ಟಿಕೆಟ್ಟಿಲ್ಲದ ಗಂಡಸರಿಬ್ಬರನ್ನೂ ತಡೆದ. ಮಲಕವ್ವ ಹಿಂದೆ ತಿರುಗಿ ನೋಡದೆ, ಕುರಿ ಹಿಂಡಿನ ಮುಂದೆ ನಡೆಯುವಂತೆ, ಸೊಸೆಯನ್ನೂ ನೀಲಮಳನ್ನೂ ಹಿಂದಿಟ್ಟುಕೊಂಡು ಒಳಗೆ ನಡೆದಳು. ಭಾಗ್ಯಾ ಮಾತ್ರ ಒಂದು ಸಲ ತಿರುಗಿ, "ಉಂಡ ಹೋಗ್ರಿ," ಎಂದಳು.

ಭೀಮಸಿ, ಬೀರದೇವ ಇಬ್ಬರೂ ಸುತ್ತು ಹಾಕಿ, ತಂತಿಬೇಲಿಯ ಆಚೆ ರನ್‌ವೇ ಕಾಣುವ ಕಡೆ, ಒಂದು ಕಬ್ಬಿನ ಹೊಲದ ಬದುವಿನ ಮೇಲೆ ನಿಂತರು. ಬಿಸಿಲು ಹಿತವಾಗಿತ್ತು. ಬಹಳ ಹೊತ್ತಿನ ಮೇಲೆ ಒಂದು ವಿಮಾನ ಗುರುಗುಡುತ್ತ ತಿರುಗಿತು.

"ಅದ ನೋಡೋ, ನಮ್ಮದ!" ಎಂದ ಬೀರದೇವ. ಈ ವಿಷಯದಲ್ಲಿ ಅವನೇ ಅನುಭವಸ್ಥ. "ಬೀಸು!"

ಭೀಮಸಿ ಹೆಗಲ ಮೇಲಿನ ಟಾವೆಲ್ ತೆಗೆದು ಬೀಸಿದ. ಬೀರದೇವ ಟೋಪಿ ಬೀಸಿದ. ವಿಮಾನ ಓಡಿತು, ಓಡಿತು, ನೆಲ ಬಿಟ್ಟಿತು. "ಯವ್ವಾ! ಭಾಗ್ಯಾ! ಹುಷಾರ!" ಎಂದು ಭೀಮಸಿ ಕುರಿ ಕರೆಯುವ ದನಿಯಲ್ಲಿ ಕೂಗಿದ. ವಿಮಾನ ಸಣ್ಣದಾಗಿ, ಹುಳುವಾಗಿ, ಬೆಳಗಿನ ಬಿಸಿಲಲ್ಲಿ ಕರಗಿ ಹೋಗುವವರೆಗೂ ಇಬ್ಬರೂ ಕೈ ಇಳಿಸಲಿಲ್ಲ. ಭೀಮಸಿಯ ಕಣ್ಣಲ್ಲಿ ನೀರಿತ್ತು. ಬೀರದೇವ ಮೂಗು ಒರೆಸಿಕೊಂಡ.

ಬೀರದೇವನ ಫೋನು ರಿಂಗಾಯಿತು. ನೀಲಮ.

"ಎಲ್ಲಿ ಅದೀರಿ? ನಾವಿನ್ನೂ ಒಳಗ ಚಾ ಕುಡ್ಯಾಕತ್ತೀವಿ. ನಮ್ಮ ವಿಮಾನ ಈಗ ಬರತೈತಂತ."

ಬೀರದೇವ ಫೋನು ಇಟ್ಟು, ಖಾಲಿ ಆಕಾಶವನ್ನು ನೋಡಿ, ಮುಖ ಸಣ್ಣ ಮಾಡಿಕೊಂಡು ಬದುವಿನ ಮೇಲೆ ಕುಕ್ಕರಿಸಿದ. "ಥೂ ಇದರ! ಯಾರಿಗೋ ಬೀಸಿದ್ವಲ್ಲೋ."

ಭೀಮಸಿ ಟಾವೆಲ್ ಝಾಡಿಸಿ ಹೆಗಲ ಮೇಲೆ ಹಾಕಿಕೊಂಡ. ಈ ಸಲ ಉತ್ತರಕ್ಕೆ ಅವನು ಯೋಚಿಸಲೇ ಇಲ್ಲ.

"ಇರ್ಲಿ ಬಿಡಣ್ಣಾ. ಅದರಾಗೂ ಯಾರದೋ ಅವ್ವ ಇರತಾಳ, ಯಾರದೋ ಹೇಣ್ತಿ ಇರತಾಳ. ಅವ್ರಿಗಿ ಬೀಸಾಕ ಯಾರೂ ಬಂದಿರಲಿಕ್ಕಿಲ್ಲ."

ಇಬ್ಬರೂ ಬದುವಿನ ಮೇಲೆ ಕೂತು, ಮುಂದಿನ ವಿಮಾನಕ್ಕೆ ಕಾದರು.